ಬೀಗದ ಕೈ ಯಾರ ಹತ್ತಿರ? (ಟೇಬಲ್ ಟೆನಿಸ್ ಗುಂಪುಗಳ ಕತೆ)

ನಮ್ಮ ಕಡೆ ಟೇಬಲ್ ಟೆನಿಸ್ ಟೇಬಲ್ಲಿನ ಹಣೆಬರಹವೇ ವಿಚಿತ್ರ. ಬಡಾವಣೆಯ ಸಂಘದ ಕಟ್ಟಡ ಇರಲಿ, ಆಫೀಸಿನ ರಿಕ್ರಿಯೇಷನ್ ಕ್ಲಬ್ ಇರಲಿ, ಅಪಾರ್ಟ್‌ಮೆಂಟಿನ ಕ್ಲಬ್ ಹೌಸ್ ಇರಲಿ, ಉದ್ಘಾಟನೆಯ ದಿನ ಗಣ್ಯರೊಬ್ಬರು ಬ್ಯಾಟ್ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಮೊದಲ ತಿಂಗಳು ಆಡಲು ಸಾಲು ಸಾಲು ಜನ. ಮೂರನೇ ತಿಂಗಳಿಗೆ ನೆಟ್ ಜೋಲುತ್ತದೆ. ಆರನೇ ತಿಂಗಳಿಗೆ ಅದರ ಮೇಲೆ ಹಳೇ ಪೇಪರಿನ ಕಟ್ಟು, ಗಣೇಶನ ಹಬ್ಬದ ಸೀರಿಯಲ್ ಲೈಟು. ಕೊನೆಗೆ ವಾರ್ಷಿಕ ಸಭೆಯ ದಿನ ಉಪ್ಪಿಟ್ಟು ಕೇಸರಿಬಾತಿನ ಪಾತ್ರೆಗಳು. ಯಾಕೆ ಹೀಗೆ ಅಂತ ಕೇಳಿದರೆ ಸಿಗುವ ಉತ್ತರ ಒಂದೇ: "ಜನಕ್ಕೆ ಆಸಕ್ತಿ ಇಲ್ಲ ಸ್ವಾಮಿ."

ಈ ಉತ್ತರ ಸರಿಯೇ? ಆಟದ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಹಾಗನ್ನಿಸುವುದಿಲ್ಲ. ನಮ್ಮ ಬಡಾವಣೆಯ ಟೇಬಲ್ಲಿಗೆ ಆಗುವ ಗತಿ ಒಂದು ಕಾಲದಲ್ಲಿ ಇಡೀ ಆಟಕ್ಕೇ ಆಗಿತ್ತು. ಆಸಕ್ತಿಗೆ ಏನೂ ಕೊರತೆ ಇರಲಿಲ್ಲ, ಹುಚ್ಚೇ ಹಿಡಿದಿತ್ತು. ಆದರೂ ಆಟ ಹೆಚ್ಚು ಕಡಿಮೆ ಸತ್ತಿತು. ಹದಿನೆಂಟು ವರ್ಷ ಬಿಟ್ಟು ಮತ್ತೆ ಹುಟ್ಟಿತು. ಸತ್ತದ್ದು ಯಾಕೆ, ಬದುಕಿದ್ದು ಹೇಗೆ ಅನ್ನುವುದೇ ಈ ಬರಹದ ವಿಷಯ.

ಕತೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅಲ್ಲಿನ ಅನುಕೂಲಸ್ಥರು ಊಟ ಮುಗಿಸಿದ ಮೇಲೆ ಅದೇ ಮೇಜಿನ ಮೇಲೆ ಪುಟ್ಟ ಟೆನಿಸ್ ಆಡುವುದಿತ್ತು. 1890ರಲ್ಲಿ ಡೇವಿಡ್ ಫಾಸ್ಟರ್ ಎಂಬಾತ ಇಂಥದ್ದೊಂದು ಆಟಕ್ಕೆ ಪೇಟೆಂಟ್ ಪಡೆದ. ಮರುವರ್ಷ ಲಂಡನ್ನಿನ ಜಾಕ್ಸ್ ಕಂಪನಿ "ಗಾಸಿಮಾ" ಅನ್ನುವ ಹೆಸರಲ್ಲಿ ಇನ್ನೊಂದನ್ನು ಪೆಟ್ಟಿಗೆಯಲ್ಲಿಟ್ಟು ಮಾರಿತು. ಎರಡೂ ಓಡಲಿಲ್ಲ. ಕಾರಣ ಚೆಂಡು. ರಬ್ಬರ್ ಚೆಂಡು ಎತ್ತೆತ್ತಲೋ ಹಾರುತ್ತಿತ್ತು, ಬೆಂಡಿನ ಚೆಂಡು ಪುಟಿಯುತ್ತಲೇ ಇರಲಿಲ್ಲ.

1900ರ ಹೊತ್ತಿಗೆ ಜೇಮ್ಸ್ ಗಿಬ್ ಎಂಬ ಇಂಗ್ಲಿಷ್ ಕ್ರೀಡಾಪ್ರೇಮಿಗೆ ಅಮೆರಿಕದಲ್ಲಿ ಸೆಲ್ಯುಲಾಯ್ಡ್ ಚೆಂಡು ಕಣ್ಣಿಗೆ ಬಿತ್ತು. ಹಗುರ, ಟೊಳ್ಳು, ಒಂದೇ ಸಮನೆ ಪುಟಿಯುತ್ತದೆ. ಆಗಿನ ಬ್ಯಾಟಿಗೆ ಚರ್ಮದ ಹಾಳೆ ಬಿಗಿದಿರುತ್ತಿದ್ದರು, ನಮ್ಮ ತಮಟೆಯ ಹಾಗೆ. ಅದಕ್ಕೆ ಚೆಂಡು ಬಡಿದಾಗ "ಪಿಂಗ್", ಮೇಜಿಗೆ ಬಡಿದಾಗ "ಪಾಂಗ್". ಆ ಸದ್ದೇ ಹೆಸರಾಯಿತು, ಹೆಸರು ನೋಂದಾಯಿತ ಟ್ರೇಡ್‌ಮಾರ್ಕ್ ಆಯಿತು. ಅಮೆರಿಕದಲ್ಲಿ ಪಾರ್ಕರ್ ಬ್ರದರ್ಸ್ ಅದರ ಹಕ್ಕು ಕೊಂಡುಕೊಂಡಿತು. 1901-02ರಲ್ಲಿ ಇಂಗ್ಲೆಂಡಿಗೆ ಪಿಂಗ್-ಪಾಂಗ್ ಜ್ವರವೇ ಬಂತು. ಪಾರ್ಟಿ, ಪಂದ್ಯಾವಳಿ, ಪುಸ್ತಕ, ಹಾಡು ಎಲ್ಲವೂ ಅದರದೇ.

ಮುಂದೇನಾಯಿತು ನೋಡಿ. 1901ರ ಡಿಸೆಂಬರಿನಲ್ಲಿ, ಕೆಲವೇ ದಿನಗಳ ಅಂತರದಲ್ಲಿ, ಎರಡು ಸಂಘಗಳು ಹುಟ್ಟಿಕೊಂಡವು. ಒಂದು ಟೇಬಲ್ ಟೆನಿಸ್ ಅಸೋಸಿಯೇಷನ್, ಇನ್ನೊಂದು ಪಿಂಗ್-ಪಾಂಗ್ ಅಸೋಸಿಯೇಷನ್. ಆಟ ಒಂದೇ, ನಿಯಮ ಬೇರೆ ಬೇರೆ. ಪಿಂಗ್-ಪಾಂಗ್ ಅನ್ನಬೇಕಾದರೆ ಆ ಹೆಸರಿನ ಒಡೆಯರ ಸಾಮಾನನ್ನೇ ಬಳಸಬೇಕು. (ಎರಡು ಸಂಘ, ಎರಡು ಬೋರ್ಡು, ಎರಡು ರಬ್ಬರ್ ಸ್ಟಾಂಪು... ಇದರಲ್ಲಿ ನಾವೇ ಮೊದಲಿಗರು ಅಂದುಕೊಂಡಿದ್ದೆ!) 1903ರಲ್ಲಿ ಇಬ್ಬರೂ ಒಂದಾದರು, ಆದರೆ ಅಷ್ಟು ಹೊತ್ತಿಗೆ ಜ್ವರ ಇಳಿಯುತ್ತಿತ್ತು. 1904ರ ಸುಮಾರಿಗೆ ಆಟದ ಪೆಟ್ಟಿಗೆಗಳು ಅಟ್ಟ ಸೇರಿದವು.

ನನಗೆ ಇಲ್ಲಿ ಮುಖ್ಯ ಅನ್ನಿಸುವುದು ಎರಡು ಸಂಘಗಳ ಜಗಳವೊಂದೇ ಅಲ್ಲ. ಆ ಆಟ ಮಾರಾಟವಾದದ್ದು ಮನೆಮನೆಗೆ, ಪೆಟ್ಟಿಗೆಯಲ್ಲಿ. ಊಟದ ಮೇಜೇ ಆಟದ ಟೇಬಲ್ಲು. ಮನೆಯೊಳಗೆ ಆಡುವವರು ಅದೇ ಮೂರು ನಾಲ್ಕು ಮಂದಿ. ಅಪ್ಪ ಸೋಲುತ್ತಾನೆ, ಅಣ್ಣ ಗೆಲ್ಲುತ್ತಾನೆ, ತಂಗಿಗೆ ಬೇಜಾರು ಬರುತ್ತದೆ. ಎದುರಾಳಿ ಬದಲಾಗದಿದ್ದರೆ ಆಟ ಬೆಳೆಯುವುದಿಲ್ಲ, ಆಟ ಬೆಳೆಯದಿದ್ದರೆ ಕುತೂಹಲ ಉಳಿಯುವುದಿಲ್ಲ. ಕ್ಲಬ್ಬುಗಳೂ ಟೂರ್ನಮೆಂಟುಗಳೂ ಇದ್ದವು, ನಿಜ. ಆದರೆ ಟೂರ್ನಮೆಂಟು ಅಂದರೆ ಜಾತ್ರೆ. ತೇರು ಎಳೆದು ಎಲ್ಲರೂ ಮನೆಗೆ ಹೋದ ಮೇಲೆ ಮುಂದಿನ ಮಂಗಳವಾರ ಎಲ್ಲಿ ಸೇರುವುದು ಅನ್ನುವುದಕ್ಕೆ ಹೆಚ್ಚಿನವರ ಬಳಿ ಉತ್ತರ ಇರಲಿಲ್ಲ.

*

ಆಟ ಮತ್ತೆ ಎದ್ದು ಕೂತದ್ದು 1921-22ರಲ್ಲಿ. ಹಳಬರು ಕೆಲವರು ಸೇರಿ ಪಿಂಗ್-ಪಾಂಗ್ ಅಸೋಸಿಯೇಷನ್ ಹೆಸರಲ್ಲೇ ಶುರುಮಾಡಿದರು. ಆಮೇಲೆ ಆ ಹೆಸರು ಕಂಪನಿಯ ಸೊತ್ತು ಅನ್ನುವ ತಕರಾರು ಬಂತು. ಸರಿ, ಹೆಸರು ಬಿಟ್ಟು "ಟೇಬಲ್ ಟೆನಿಸ್" ಅಂತ ಇಟ್ಟುಕೊಂಡರು. ಯಾರ ಅಪ್ಪಣೆಯೂ ಬೇಡದ, ಯಾರು ಬೇಕಾದರೂ ಬಳಸಬಹುದಾದ ಹೆಸರು. ಸಣ್ಣ ವಿಷಯ ಅನ್ನಿಸಬಹುದು. ಆದರೆ ಯಾವ ಅಂಗಡಿಯ ಬ್ಯಾಟಾದರೂ ಸರಿ, ಯಾವ ಬಡಗಿ ಮಾಡಿದ ಟೇಬಲ್ಲಾದರೂ ಸರಿ ಅನ್ನುವ ಸ್ವಾತಂತ್ರ್ಯ ಬಂದದ್ದು ಇದರಿಂದ.

ಈ ಕೆಲಸದ ಮುಂದಾಳು ಐವರ್ ಮಾಂಟೆಗ್ಯೂ, ಆಗಿನ್ನೂ ಹದಿನೆಂಟರ ಹುಡುಗ. ಲಾರ್ಡ್ ಸ್ವೇತ್ಲಿಂಗ್ ಎಂಬ ಶ್ರೀಮಂತ ಬ್ಯಾಂಕರನ ಮಗ, ಕೇಂಬ್ರಿಜ್ ವಿದ್ಯಾರ್ಥಿ, ಮುಂದೆ ಕಮ್ಯುನಿಸ್ಟ್, ಹಿಚ್‌ಕಾಕ್ ಜೊತೆ ಸಿನಿಮಾದಲ್ಲೂ ಕೆಲಸ ಮಾಡಿದವನು. ಕೇಂಬ್ರಿಜ್‌ನಲ್ಲಿ ಟೇಬಲ್ ಟೆನಿಸ್ ಕ್ಲಬ್ ಕಟ್ಟಿದ. ನಿಯಮಗಳನ್ನು ಒಂದು ಮಾಡಲು ಓಡಾಡಿದ. 1926ರ ಜನವರಿಯಲ್ಲಿ ಬರ್ಲಿನ್ನಿನಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್ನಿನ ಮಾತುಕತೆ, ಅದೇ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮೊದಲ ಚಾಂಪಿಯನ್‌ಶಿಪ್. ತಂಡಗಳ ಕಪ್ಪನ್ನು ಕೊಟ್ಟವರು ಅವನ ತಾಯಿ ಲೇಡಿ ಸ್ವೇತ್ಲಿಂಗ್. ಅಂದ ಹಾಗೆ, ಅದು ಯುರೋಪಿಯನ್ ಚಾಂಪಿಯನ್‌ಶಿಪ್ ಅಂತ ಹೊರಟದ್ದು. ಭಾರತದ ತಂಡವೂ ಆಡಿದ್ದರಿಂದ ವಿಶ್ವ ಚಾಂಪಿಯನ್‌ಶಿಪ್ ಆಯಿತು ಅಂತ ಹೇಳುತ್ತಾರೆ. ಫೆಡರೇಷನ್ನಿನ ಸ್ಥಾಪಕ ಸದಸ್ಯರ ಪಟ್ಟಿಯಲ್ಲಿ ಯುರೋಪಿನ ಹೊರಗಿನ ದೇಶ ಭಾರತ ಒಂದೇ. ಮಾಂಟೆಗ್ಯೂ 1967ರ ತನಕ ಫೆಡರೇಷನ್ನಿನ ಅಧ್ಯಕ್ಷನಾಗಿದ್ದ.

ಆದರೆ ಆಟವನ್ನು ನಿಜವಾಗಿ ಉಳಿಸಿದ್ದು ಕಪ್ಪಲ್ಲ, ಲೀಗ್. 1927ರ ಏಪ್ರಿಲ್‌ನಲ್ಲಿ ಇಂಗ್ಲಿಷ್ ಟೇಬಲ್ ಟೆನಿಸ್ ಅಸೋಸಿಯೇಷನ್ ಹುಟ್ಟಿದಾಗ ಅದರಲ್ಲಿ 19 ಲೀಗುಗಳು, ಒಟ್ಟು 9,000 ಆಟಗಾರರು. ಇಲ್ಲಿ ಲೀಗ್ ಅಂದರೆ ಟಿವಿಯಲ್ಲಿ ಬರುವ, ಆಟಗಾರರನ್ನು ಹರಾಜು ಹಾಕುವ ಲೀಗ್ ಅಲ್ಲ. ಒಂದು ಊರಿನ ಇಗರ್ಜಿಯ ಹಾಲ್, ಕಾರ್ಖಾನೆಯ ಕ್ಯಾಂಟೀನು, ಯುವಕರ ಕ್ಲಬ್ಬು ಇವೆಲ್ಲ ಸೇರಿ ಮಾಡಿಕೊಂಡ ವೇಳಾಪಟ್ಟಿ. ಒಂದು ತಂಡಕ್ಕೆ ಸಾಮಾನ್ಯವಾಗಿ ಮೂವರು. ಇವರ ಮೂವರೂ ಅವರ ಮೂವರೊಂದಿಗೂ ಆಡಬೇಕು, ಅಂದರೆ ಒಂದು ಸಂಜೆಗೆ ಒಂಬತ್ತು ಆಟ. ಈ ವಾರ ನಮ್ಮ ಹಾಲಿನಲ್ಲಿ, ಮುಂದಿನ ವಾರ ಅವರಲ್ಲಿ. ಮಳೆ ಬರಲಿ ಹಿಮ ಬೀಳಲಿ, ದಿನ ತಪ್ಪುವಂತಿಲ್ಲ.

ಇದರೊಳಗೆ ಇನ್ನೊಂದು ಜಾಣತನ ಇತ್ತು: ಡಿವಿಷನ್. ಚೆನ್ನಾಗಿ ಆಡುವವರು ಮೊದಲನೇ ಡಿವಿಷನ್, ನಮ್ಮಂಥವರು ಮೂರನೆಯದೋ ನಾಲ್ಕನೆಯದೋ. ಹಾಗಾಗಿ ಬ್ಯಾಟ್ ಸರಿಯಾಗಿ ಹಿಡಿಯಲು ಬಾರದ ಗುಮಾಸ್ತನಿಗೂ ತನ್ನ ಮಟ್ಟದ ಎದುರಾಳಿ ಸಿಗುತ್ತಿದ್ದ. ಅವನೂ ಗೆಲ್ಲಬಹುದಿತ್ತು, ಸೋತರೂ 21-18ರಲ್ಲಿ ಸೋಲಬಹುದಿತ್ತು. 21-3ರಲ್ಲಿ ಸೋತವನು ಎರಡನೇ ವಾರ ಬರುವುದಿಲ್ಲ. 21-18ರಲ್ಲಿ ಸೋತವನು ಖಂಡಿತ ಬರುತ್ತಾನೆ, ಬೇಕಿದ್ದರೆ ಬೆಟ್ ಕಟ್ಟಿ! 1901ರ ಜ್ವರಕ್ಕೂ 1927ರ ಲೀಗಿಗೂ ಇರುವ ವ್ಯತ್ಯಾಸ ನನ್ನ ಲೆಕ್ಕದಲ್ಲಿ ಇಷ್ಟೇ. ಮೊದಲನೆಯದರಲ್ಲಿ ಎಲ್ಲರ ಹತ್ತಿರವೂ ಟೇಬಲ್ ಇತ್ತು. ಎರಡನೆಯದರಲ್ಲಿ ಎಲ್ಲರಿಗೂ ಒಂದು ವಾರ, ಒಂದು ಎದುರಾಳಿ ಇತ್ತು.

*

ಈಗ ಜಪಾನಿಗೆ ಬರೋಣ. ಹಾಲ್ ಇದ್ದರೆ ಸಾಲದು, ಅದರ ಬಾಗಿಲು ತೆರೆಯುವವರು ಬೇಕು ಅನ್ನುವುದಕ್ಕೆ ಅಲ್ಲಿನ ಕತೆಯಷ್ಟು ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಎರಡನೇ ಮಹಾಯುದ್ಧ ಮುಗಿದು ಟೋಕಿಯೊ ಬೂದಿಯಿಂದ ಏಳುತ್ತಿದ್ದ ಕಾಲ. ನಗರದ ಪಶ್ಚಿಮಕ್ಕೆ ಕಿಚಿಜೋಜಿ ಎಂಬ ಜಾಗದಲ್ಲಿ ಉಯೆಹಾರಾ ಹಿಸಾಯೆ ಎಂಬ ಹೆಂಗಸು ಮುಸಾಶಿನೊ ಟೇಬಲ್ ಟೆನಿಸ್ ಹಾಲ್ ನಡೆಸುತ್ತಿದ್ದರು. ದುಡ್ಡು ಕೊಟ್ಟು ಯಾರು ಬೇಕಾದರೂ ಬಂದು ಆಡಬಹುದಾದ ಪುಟ್ಟ ಹಾಲ್. ಅಲ್ಲಿಗೆ ಬರುತ್ತಿದ್ದ ಹುಡುಗರಲ್ಲಿ ಇಚಿರೊ ಒಗಿಮುರಾ ಒಬ್ಬ. ಹುಟ್ಟಿದ್ದು 1932ರಲ್ಲಿ. ಚಿಕ್ಕಂದಿನಲ್ಲೇ ತಂದೆ ತೀರಿಕೊಂಡಿದ್ದರು, ತಾಯಿ ದುಡಿದು ಸಾಕುತ್ತಿದ್ದರು. ಹೈಸ್ಕೂಲಿನಲ್ಲಿ, 1948ರಲ್ಲಿ, ಈ ಆಟ ಹಿಡಿದ. ಹಗಲು ರಾತ್ರಿ ಅನ್ನದೆ ಹಾಲಿನಲ್ಲೇ ಇರುತ್ತಿದ್ದ. ಉಯೆಹಾರಾ ಅವನಿಗೆ ಊಟ ಹಾಕಿದರು, ಬೈದರು, ಹೊತ್ತು ಮೀರಿದರೂ ದೀಪ ಉರಿಸಿಟ್ಟರು. ಆಟದ ಪಟ್ಟುಗಳನ್ನು ಹೇಳಿಕೊಟ್ಟ ಕೋಚ್ ಅವರಲ್ಲ. ಅವರ ಕೈಲಿ ಇದ್ದದ್ದು ಬೀಗದ ಕೈ.

1954ರಲ್ಲಿ ಒಗಿಮುರಾ ಲಂಡನ್ನಿನ ವಿಶ್ವ ಚಾಂಪಿಯನ್‌ಶಿಪ್‌ಗೆ ಆಯ್ಕೆಯಾದ. ಖರ್ಚು ಆಟಗಾರನೇ ಹೊಂದಿಸಬೇಕು, 8 ಲಕ್ಷ ಯೆನ್. ಆಗಿನ ಜಪಾನಿನ ಬಡ ಮನೆಯ ಹುಡುಗನಿಗೆ ಅದು ಕನಸಿನ ಮೊತ್ತ. ಹಾಲಿನ ಗೆಳೆಯರು ಸುತ್ತಮುತ್ತಲ ರೈಲು ನಿಲ್ದಾಣಗಳ ಮುಂದೆ ನಿಂತು ಬಂದು ಹೋಗುವವರಿಂದ ಚಿಲ್ಲರೆ ಕಾಸು ಎತ್ತಿದರು. ದುಡ್ಡು ಕೂಡಿತು. ಲಂಡನ್ನಿಗೆ ಹೋದ ಹುಡುಗ ಸಿಂಗಲ್ಸ್ ಗೆದ್ದ, ಜಪಾನ್ ತಂಡವೂ ಗೆದ್ದಿತು. ಅವನಿಗಾಗ ಇಪ್ಪತ್ತೊಂದು ವರ್ಷ. ಒಟ್ಟು 12 ವಿಶ್ವ ಪ್ರಶಸ್ತಿ ಗೆದ್ದ ಅವರು 1987ರಲ್ಲಿ ಅಂತಾರಾಷ್ಟ್ರೀಯ ಫೆಡರೇಷನ್ನಿನ ಅಧ್ಯಕ್ಷರಾದರು. 1991ರಲ್ಲಿ ಜಪಾನಿನ ಚಿಬಾದಲ್ಲಿ ಉತ್ತರ ಮತ್ತು ದಕ್ಷಿಣ ಕೊರಿಯಾಗಳು ಒಂದೇ ತಂಡವಾಗಿ, ಒಂದೇ ಬಾವುಟದಡಿ ಆಡಿದವಲ್ಲ, ಅದರ ಹಿಂದೆ ಓಡಾಡಿದವರು ಇವರೇ. ಆ ಸಲ ಮಹಿಳಾ ತಂಡ ಚೀನಾವನ್ನೇ ಸೋಲಿಸಿ ಗೆದ್ದಿತು. ಒಗಿಮುರಾ 1994ರಲ್ಲಿ ತೀರಿಕೊಂಡರು.

ಈ ಒಗಿಮುರಾ 1957ರಲ್ಲಿ ಜಪಾನ್ ತಂಡದ ಜೊತೆ ಹಾಂಗ್‌ಕಾಂಗಿಗೆ ಹೋದಾಗ ಸ್ಥಳೀಯ ಹುಡುಗನೊಬ್ಬನ ಕೈಲಿ ಸೋತರು. ಆ ಹುಡುಗನ ಹೆಸರು ರೊಂಗ್ ಗುವೊಟುವಾನ್. ಮೀನಿನ ವ್ಯಾಪಾರದವರ ಹತ್ತಿರ ಕೆಲಸ ಮಾಡಿದ್ದವನು, ಆಮೇಲೆ ಕಾರ್ಮಿಕ ಸಂಘಗಳ ಒಕ್ಕೂಟದ ಮನರಂಜನಾ ಭವನದಲ್ಲಿ ಲೈಬ್ರರಿ ನೋಡಿಕೊಳ್ಳುವ ಕೆಲಸ. ಹೌದು, ನಮ್ಮ ರಿಕ್ರಿಯೇಷನ್ ಕ್ಲಬ್ಬಿನಂಥದ್ದೇ! ಪುಸ್ತಕ ಜೋಡಿಸುವುದು, ಬಿಡುವಾದಾಗ ಟೇಬಲ್ಲಿಗೆ ನಿಲ್ಲುವುದು. ಅದೇ ವರ್ಷ ಅವನು ಚೀನಾಕ್ಕೆ ಹೋದ. 1959ರಲ್ಲಿ ಜರ್ಮನಿಯ ಡಾರ್ಟ್‌ಮಂಡ್‌ನಲ್ಲಿ ಹಂಗೇರಿಯ ಫೆರೆಂಟ್ಸ್ ಶಿಡೋನನ್ನು ಸೋಲಿಸಿ ವಿಶ್ವ ಚಾಂಪಿಯನ್ ಆದ. ಯಾವುದೇ ಆಟದಲ್ಲಿ ಚೀನಾದ ಮೊದಲ ವಿಶ್ವ ಚಾಂಪಿಯನ್ ಅವನು.

ಆಮೇಲೆ ಚೀನಾದಲ್ಲಿ ನಡೆದದ್ದು ಗೊತ್ತೇ ಇದೆ. ಶಾಲೆ, ಪಾರ್ಕು, ಕಾರ್ಖಾನೆ ಎಲ್ಲೆಡೆ ಕಾಂಕ್ರೀಟ್ ಟೇಬಲ್ಲು. ನೆಟ್ ಇಲ್ಲವಾದರೆ ಇಟ್ಟಿಗೆ ಸಾಲು. ಮಳೆ ಬಿಸಿಲಿಗೆ ಹಾಳಾಗದು, ಯಾರೂ ಹೊತ್ತುಕೊಂಡು ಹೋಗಲಾರರು, ಮೇಲಾಗಿ ಬೀಗವೇ ಬೇಡ. ಆದರೆ ಈ ಕತೆಗೆ ಕಹಿ ಕೊನೆಯೂ ಇದೆ, ಅದನ್ನು ಬಿಟ್ಟು ಹೇಳುವುದು ಸರಿಯಲ್ಲ. ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಹಾಂಗ್‌ಕಾಂಗಿನಿಂದ ಬಂದವರ ಮೇಲೆ ಗೂಢಚಾರರೆಂಬ ಸಂಶಯ ಬಿತ್ತು. ಹಿಂಸೆ ತಾಳಲಾರದೆ 1968ರಲ್ಲಿ ರೊಂಗ್ ಗುವೊಟುವಾನ್ ಆತ್ಮಹತ್ಯೆ ಮಾಡಿಕೊಂಡ, ಆಗಿನ್ನೂ ಮೂವತ್ತು ವರ್ಷ. ಅವನ ಹಾಗೆಯೇ ಹಾಂಗ್‌ಕಾಂಗಿನಿಂದ ಬಂದಿದ್ದ ಫು ಚಿಫಾಂಗ್, ಜಿಯಾಂಗ್ ಯೊಂಗ್‌ನಿಂಗ್ ಅವರ ಗತಿಯೂ ಅದೇ ವರ್ಷ ಅದೇ ಆಯಿತು. ಮನರಂಜನಾ ಭವನದ ಟೇಬಲ್ಲು ಅವರನ್ನು ಬೆಳೆಸಿತ್ತು. ಅಲ್ಲಿ ಇವನು ಯಾವ ಕಡೆಯವನು ಅಂತ ಯಾರೂ ಕೇಳಿರಲಿಲ್ಲ. ಆಟವನ್ನು ದೇಶದ ಮಾನ ಮಾಡಿಕೊಂಡವರು ಕೇಳಿದರು.

*

ನಮ್ಮಲ್ಲಿ? 1952ರಲ್ಲಿ ಮುಂಬಯಿಯಲ್ಲಿ ವಿಶ್ವ ಚಾಂಪಿಯನ್‌ಶಿಪ್ ನಡೆಯಿತು, ಏಷ್ಯಾದಲ್ಲಿ ಅದೇ ಮೊದಲು. ಜಪಾನಿನ ಹಿರೋಜಿ ಸಾಟೊ ದಪ್ಪ ಸ್ಪಂಜಿನ ಬ್ಯಾಟ್ ತಂದು, ಸದ್ದೇ ಬಾರದ ಹೊಡೆತಗಳಿಂದ ಎಲ್ಲರನ್ನೂ ಕಂಗೆಡಿಸಿ ಸಿಂಗಲ್ಸ್ ಗೆದ್ದ. ರೈಲ್ವೆ ಇನ್‌ಸ್ಟಿಟ್ಯೂಟುಗಳು, ಬ್ಯಾಂಕು, ಅಂಚೆ ಇಲಾಖೆ, ಸರ್ಕಾರಿ ಕಾರ್ಖಾನೆಗಳ ಕ್ಲಬ್ಬುಗಳಲ್ಲಿ ಈ ಆಟ ಬೆಳೆಯಿತು. ಬೆಂಗಳೂರಿನಲ್ಲಿ ಮಲ್ಲೇಶ್ವರದ ಕೆನರಾ ಯೂನಿಯನ್, ಮಲ್ಲೇಶ್ವರಂ ಅಸೋಸಿಯೇಷನ್‌ನಂಥ ಬಡಾವಣೆಯ ಸಂಸ್ಥೆಗಳೇ ಇದಕ್ಕೆ ಜಾಗ ಕೊಟ್ಟವು. ಉಷಾ ಸುಂದರರಾಜ್ 1966ರ ಅರ್ಜುನ ಪ್ರಶಸ್ತಿ ಪಡೆದರು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಭಾರತದ ಮಹಿಳಾ ತಂಡ ಮೊದಲ ಬಾರಿಗೆ ಕ್ವಾರ್ಟರ್ ಫೈನಲ್ ಮುಟ್ಟಿದಾಗ ಅದರಲ್ಲಿ ಬೆಂಗಳೂರಿನ ಅರ್ಚನಾ ಕಾಮತ್ ಇದ್ದರು. ಜರ್ಮನಿ ವಿರುದ್ಧ ಭಾರತ ಗೆದ್ದ ಒಂದೇ ಒಂದು ಪಂದ್ಯ ಅವರದು. ಅದಾದ ಸ್ವಲ್ಪ ದಿನಕ್ಕೆ ಅವರು ಓದಿಗಾಗಿ ಆಟ ಬಿಟ್ಟು ಅಮೆರಿಕಕ್ಕೆ ಹೊರಟಾಗ ಎಷ್ಟೊಂದು ಚರ್ಚೆ! ಇಷ್ಟು ದೊಡ್ಡ ದೇಶ ಒಂದು ಹುಡುಗಿಯ ನಿರ್ಧಾರಕ್ಕೆ ಇಷ್ಟು ಗಾಬರಿಯಾಗಬೇಕೇ ಅನ್ನಿಸಿತು. ಸಾವಿರ ಹಾಲುಗಳಲ್ಲಿ ಮೂರನೇ ಡಿವಿಷನ್ನಿನವರು ಆಡುತ್ತಿದ್ದರೆ ಆ ಗಾಬರಿ ಇರುತ್ತಿರಲಿಲ್ಲ.

ಹಾಗಾದರೆ ನಮ್ಮ ಬಡಾವಣೆಯ ಆ ಪೇಪರ್ ಹೊತ್ತ ಟೇಬಲ್ಲಿಗೆ ಈ ಚರಿತ್ರೆಯಿಂದ ಏನು ಉಪಯೋಗ? ನನಗೆ ತೋಚಿದ್ದು ಇಷ್ಟು.

ಮೊದಲನೆಯದು, ದಿನ. "ಯಾವಾಗ ಬೇಕಾದರೂ ಬಂದು ಆಡಿ" ಅಂದರೆ ಯಾರೂ ಬರುವುದಿಲ್ಲ. ಬಂದವನಿಗೆ ಜೊತೆ ಸಿಗುವುದಿಲ್ಲ, ಎರಡು ಸಲ ಗೋಡೆ ನೋಡಿ ವಾಪಸ್ಸು ಹೋದವನು ಮೂರನೇ ಸಲ ಚಪ್ಪಲಿ ಮೆಟ್ಟುವುದಿಲ್ಲ. ಮಂಗಳವಾರ, ಶುಕ್ರವಾರ ಸಂಜೆ ಏಳರಿಂದ ಒಂಬತ್ತು ಅಂತ ನಿಗದಿ ಮಾಡಿ. ಇಬ್ಬರೇ ಬಂದರೂ ಆಡಿ.

ಎರಡನೆಯದು, ಪಟ್ಟಿ. ನಮ್ಮಲ್ಲಿ ಸಾಮಾನ್ಯವಾಗಿ ಗೆದ್ದವನು ಟೇಬಲ್ ಬಿಡುವುದಿಲ್ಲ, ಸೋತವನು ಹೊರಗೆ. ಇದರಿಂದ ಚೆನ್ನಾಗಿ ಆಡುವವನೇ ಇಡೀ ಸಂಜೆ ಆಡುತ್ತಾನೆ, ಹೊಸಬ ಐದು ನಿಮಿಷಕ್ಕೆ ಸೋತು ಮುಕ್ಕಾಲು ಗಂಟೆ ಬೆಂಚಿನ ಮೇಲೆ. ಅದರ ಬದಲು ಹೆಸರು ಬರೆದು, ಸರಿಸುಮಾರು ಒಂದೇ ಮಟ್ಟದವರನ್ನು ಜೋಡಿ ಮಾಡಿ. ಜನ ಜಾಸ್ತಿ ಇದ್ದರೆ ಡಬಲ್ಸ್. 2001ರಲ್ಲಿ 21 ಪಾಯಿಂಟಿನ ಗೇಮನ್ನು 11ಕ್ಕೆ ಇಳಿಸಿದ್ದು ಸಣ್ಣ ಗುಂಪುಗಳಿಗೆ ವರವೇ ಸರಿ. ಮೂರರಲ್ಲಿ ಎರಡು ಗೇಮ್ ಗೆಲ್ಲುವ ಆಟ ಹತ್ತು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಒಂದೇ ಟೇಬಲ್ಲಿನಲ್ಲಿ ಎಂಟು ಜನ ಬೇಜಾರಿಲ್ಲದೆ ಸಂಜೆ ಕಳೆಯಬಹುದು.

ಮೂರನೆಯದು, ಜಾಗ. ಟೇಬಲ್ಲು 2.74 ಮೀಟರ್ ಉದ್ದ, 1.525 ಮೀಟರ್ ಅಗಲ, 76 ಸೆಂಟಿಮೀಟರ್ ಎತ್ತರ, ನೆಟ್ 15.25 ಸೆಂಟಿಮೀಟರ್. ಟೇಬಲ್ ಹಿಡಿಸಿದರೆ ಸಾಲದು, ಹಿಂದೆ ಸರಿಯಲು ಜಾಗ ಬೇಕು. ಚೆಂಡು 2.7 ಗ್ರಾಂ ಮಾತ್ರ, ಆದ್ದರಿಂದ ಫ್ಯಾನು ಆರಿಸಲೇಬೇಕು. ಹಾಗಾಗಿ ಬೇಸಿಗೆಯಲ್ಲಿ ಸ್ವಲ್ಪ ಬೆವರಿ, ಪರವಾಗಿಲ್ಲ.

ನಾಲ್ಕನೆಯದೇ ಕಷ್ಟದ್ದು: ಬೀಗದ ಕೈ. ಎಷ್ಟೋ ಕಡೆ ಅದು ಕಾರ್ಯದರ್ಶಿಗಳ ಮನೆಯಲ್ಲಿರುತ್ತದೆ, ಅವರು ಮಗಳ ಊರಿಗೆ ಹೋಗಿರುತ್ತಾರೆ. ಗುಂಪು ಸಾಯುವುದು ಆಸಕ್ತಿ ಇಲ್ಲದೆ ಅಲ್ಲ, ಮುಚ್ಚಿದ ಬಾಗಿಲ ಮುಂದೆ ನಾಲ್ಕು ಜನ ಕಾಲು ಗಂಟೆ ನಿಂತು ಮನೆಗೆ ಹೋದ ದಿನ. ಚೆನ್ನಾಗಿ ಆಡುವವರು ಸಿಗುತ್ತಾರೆ, ದೇಣಿಗೆ ಕೊಡುವವರೂ ಸಿಗುತ್ತಾರೆ. ಹೇಳಿದ ದಿನ, ಹೇಳಿದ ಹೊತ್ತಿಗೆ ಬಂದು ಬಾಗಿಲು ತೆಗೆದು, ನೆಟ್ ಬಿಗಿದು, ಕೊನೆಗೆ ದೀಪ ಆರಿಸಿ ಹೋಗುವವರು ಸಿಗುವುದು ಕಷ್ಟ. ಅಂಥವರ ಹೆಸರು ಕಪ್ಪಿನ ಮೇಲೆ ಕೆತ್ತುವುದಿಲ್ಲ. ಒಗಿಮುರಾ ಹೆಸರು ಗೊತ್ತಿರುವ ಹತ್ತು ಜನರಲ್ಲಿ ಒಬ್ಬರಿಗಾದರೂ ಉಯೆಹಾರಾ ಹೆಸರು ಗೊತ್ತಿರುತ್ತದೋ ಇಲ್ಲವೋ.

ನಿಮ್ಮ ಬಡಾವಣೆಯಲ್ಲೂ ಒಂದು ಟೇಬಲ್ ಇರಬಹುದು. ಅದರ ಮೇಲಿನ ಪೇಪರ್ ಕಟ್ಟನ್ನು ಕೆಳಗಿಳಿಸಲು ಐದು ನಿಮಿಷ ಸಾಕು. ಆಮೇಲೆ ಒಂದೇ ಪ್ರಶ್ನೆ ಉಳಿಯುತ್ತದೆ, ಬೀಗದ ಕೈ ಯಾರು ಇಟ್ಟುಕೊಳ್ಳುತ್ತೀರಿ?